ಟ್ರ್ಯಾಕಿಗೊಂದು ಅರ್ಜಿ

"ಮಾವ, ರೇಸ್ ಟ್ರ್ಯಾಕಲ್ಲಿ ಕಾರು ಓಡಿಸೋ ಟ್ರ್ಯಾಕ್ ಡೇಗೆ ಹೆಸರು ಕೊಡ್ತಿದೀನಿ. ಇಲ್ಲೊಂದು ಸಹಿ ಹಾಕಿ."

"ಏನಿದು?"

"ಏನಾದ್ರೂ ಆಯೋಜಕರು ಹೊಣೆಯಲ್ಲ ಅಂತ ಮುಚ್ಚಳಿಕೆ."

"ಇನ್ಶೂರೆನ್ಸು?"

"ರೇಸ್ ಟ್ರ್ಯಾಕಲ್ಲಿ ನಡೆಯಲ್ಲ."

"ಟ್ರ್ಯಾಕ್ ಎಲ್ಲಿ, ನಮ್ಮ ಹೈದರಾಬಾದಿನ ಹುಸೇನ್ ಸಾಗರದ ದಂಡೇಲಾ?"

"ಅಲ್ಲಿ 2023ರ ಫೆಬ್ರವರಿ 11ಕ್ಕೆ ಫಾರ್ಮುಲಾ ಇ ಎಲೆಕ್ಟ್ರಿಕ್ ಕಾರ್ ರೇಸ್ ಆಯ್ತು, 2024ರದ್ದು ರದ್ದಾಯ್ತು. ನಾವು ಹೋಗೋದು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ."

"ಕಾಚಿಗುಡದಿಂದ ಅಲ್ಲೀತನಕ! ಏನು ಕಲಿಸ್ತಾರಂತೆ?"

"ಹೆಲ್ಮೆಟ್ ಕಡ್ಡಾಯ. ತಿರುವಿಗೆ ಮುಂಚೆಯೇ ಬ್ರೇಕು. ಹಳದಿ ಬಾವುಟ ಕಂಡ್ರೆ ನಿಧಾನ. ಮುಂದಿನವನು ಕೈ ತೋರಿಸದೆ ಓವರ್‌ಟೇಕ್ ಮಾಡಂಗಿಲ್ಲ."

"ಇದನ್ನೇ ಚಾದರ್‌ಘಾಟ್ ಸಿಗ್ನಲ್ಲಿನ ಪೊಲೀಸಪ್ಪ ದಿನಾ ಪುಕ್ಕಟೆ ಹೇಳ್ತಾನಲ್ಲೋ!"

"ಪುಕ್ಕಟೆ ಹೇಳಿದ್ರೆ ಯಾರು ಕೇಳ್ತಾರೆ, ಮಾವ?"

(ಮಾವನಿಗೂ ಇದಕ್ಕೆ ಉತ್ತರ ಹೊಳೆಯಲಿಲ್ಲ, ಹೋದ ತಿಂಗಳ ಚಲನ್ ಇನ್ನೂ ಜೇಬಲ್ಲಿತ್ತು.)

"ಸರಿ, ತುರ್ತಿಗೆ ಯಾರ ನಂಬರ್ ಕೊಟ್ಟಿದೀಯ?"

"ನಿಮ್ದೇ."

"ಕಾರು?"

"ಅದೂ ನಿಮ್ದೇ."