ಐ-90ರಲ್ಲಿ ರಾಹುಕಾಲ

ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ನನ್ನ ಮೈದುನ ಮನೆ ತೆಗೆದುಕೊಂಡ. ಆಷಾಢ ಹುಟ್ಟುವುದರೊಳಗೆ ಗೃಹಪ್ರವೇಶ ಆಗಲೇಬೇಕೆಂದು ಅತ್ತೆಯ ಅಪ್ಪಣೆಯಾಯಿತು. ನಾವಿರುವುದು ಶಿಕಾಗೊ ಬಳಿಯ ನೇಪರ್‌ವಿಲ್‌ನಲ್ಲಿ. ವಿಮಾನ ಹತ್ತಿದರೆ ನಾಲ್ಕೂವರೆ ಗಂಟೆಯ ದಾರಿ. ಆದರೆ ಚನ್ನರಾಯಪಟ್ಟಣದಿಂದ ಬಂದಿಳಿದ ದೀಪದ ಕಂಬ, ಹಾಲುಕ್ಕಿಸುವ ಪಾತ್ರೆ, ಹೋಮದ ಕುಂಡ ಹಾಲ್‌ನಲ್ಲಿ ಸಾಲಾಗಿ ಕೂತಿದ್ದವು. "ಇದನ್ನೆಲ್ಲ ವಿಮಾನದೋರು ಬಿಡ್ತಾರೇನೋ?" ಎಂದು ಅತ್ತೆ ಕೇಳಿ ಮುಗಿಸುವ ಮೊದಲೇ ನಮ್ಮವರು "ಬಿಡಲ್ಲಮ್ಮ, ಕಾರಲ್ಲೇ ಹೋಗೋಣ" ಅಂದುಬಿಟ್ಟರು. ಆ ಒಂದು ಪ್ರಶ್ನೆಗಾಗಿ ಅವರು ಹನ್ನೊಂದು ವರ್ಷದಿಂದ ಕಾದಿದ್ದರೆಂದು ನನಗೆ ಗುಮಾನಿ.

ಬಾಸ್ಟನ್ನಿನಿಂದ ಸಿಯಾಟಲ್‌ವರೆಗೆ ಸುಮಾರು 3,000 ಮೈಲಿ ಹರಿಯುವ ಐ-90, ಅಮೆರಿಕದ ಇಂಟರ್‌ಸ್ಟೇಟ್ ರಸ್ತೆಗಳಲ್ಲೆಲ್ಲ ಉದ್ದದ್ದು. ನಮ್ಮ ಪಾಲಿಗೆ ಅದರಲ್ಲಿ 2,000 ಚಿಲ್ಲರೆ. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಊಟದ ಮೇಜಿನ ಮೇಲೆ ಎಕ್ಸೆಲ್ ಶೀಟು ಹಾಸಿತ್ತು. ನಿಲ್ಲುವ ಜಾಗ ಇಪ್ಪತ್ತಮೂರು. ಒಂದೊಂದರ ಮುಂದೆಯೂ ಮೈಲಿ, ಗಂಟೆ, ನೋಡಲು ಇಷ್ಟೇ ನಿಮಿಷವೆಂಬ ಲೆಕ್ಕ. ಕೊನೆಯ ಕಾಲಂ ಮಾತ್ರ ಖಾಲಿ: "ನಿಲ್ಲೋದಕ್ಕೆ ಯೋಗ್ಯವೇ?" ಮನೆಯವರೆಲ್ಲ ಹತ್ತಕ್ಕೆ ಅಂಕ ಕೊಡಬೇಕಂತೆ.

ಕೊಟ್ಟೆವು. ಮಗ ಈಜುಕೊಳ ಇರುವ ಮೋಟೆಲ್ಲುಗಳಿಗೆಲ್ಲ ಹತ್ತು ಕೊಟ್ಟ, ಮಿಕ್ಕ ಅಮೆರಿಕಕ್ಕೆ ಸೊನ್ನೆ. ಮಗಳು ಮೊಬೈಲ್ ಸಿಗ್ನಲ್ ನೋಡಿಕೊಂಡು ಕೊಟ್ಟಳು. ಅತ್ತೆ ಕೇಳಿದ್ದು ಮೂರೇ: ನೆರಳು, ಬೆಂಚು, ಕೈ ತೊಳೆಯಲು ನೀರು. ನನ್ನ ಅಂಕಗಳೆಲ್ಲ ಯಾವುದಕ್ಕೆ ಹೋದವೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಮಾವ ಅಂಕವನ್ನೇ ಕೊಡಲಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸವೆಸಿದ ಎಂಜಿನಿಯರ್ ಅವರು. "ಸ್ಥಳ ಪರಿಶೀಲನೆ ಆಗದೆ ಸಹಿ ಹಾಕೋ ಅಭ್ಯಾಸ ನಂಗಿಲ್ಲ ಕಣೋ" ಅಂದರು.

ಮೊದಲು ಬಿದ್ದದ್ದು ಮಿನ್ನೆಸೋಟದ ಆಸ್ಟಿನ್ ಊರಿನ ಸ್ಪ್ಯಾಮ್ ಮ್ಯೂಸಿಯಂ. ನಮ್ಮವರಿಗೆ ಆಫೀಸಿನಲ್ಲಿ ದಿನಬೆಳಗಾದರೆ ಇಮೇಲ್‌ನ ಕಸ ಗುಡಿಸುವುದೇ ಕೆಲಸ. ಆ ಕಸಕ್ಕೆ ಯಾರೋ ಪುಣ್ಯಾತ್ಮರು ಮ್ಯೂಸಿಯಂ ಕಟ್ಟಿದ್ದಾರೆಂದು ಉಬ್ಬಿಹೋಗಿ ನಲವತ್ತೈದು ನಿಮಿಷ ಬರೆದುಕೊಂಡಿದ್ದರು. "ಅಪ್ಪಾ, ಅದು ಡಬ್ಬಿಯಲ್ಲಿ ಬರೋ ಹಂದಿ ಮಾಂಸ" ಎಂದಳು ಮಗಳು. 1937ರಿಂದ ಮಾರುತ್ತಿರುವ ಆ ಡಬ್ಬಿಯ ಹೆಸರೇ ಬೇಡದ ಮೇಲ್‌ಗೂ ಅಂಟಿಕೊಂಡಿದ್ದಂತೆ. "ಯಾವ ಮ್ಯೂಸಿಯಮ್ಮೋ ಅದು?" ಅಡುಗೆಮನೆಯಿಂದ ಅತ್ತೆಯ ದನಿ. "ಏನಿಲ್ಲಮ್ಮ, ಹಳೇ ಡಬ್ಬಿಗಳದ್ದು." ಇಪ್ಪತ್ತೆರಡಕ್ಕೆ ಇಳಿಯಿತು.

ನಿಜವಾದ ಜಗಳ ಎತ್ತರದ್ದು. ಶ್ರವಣಬೆಳಗೊಳ ಮಾವನ ತಾಲ್ಲೂಕು. 1981ರ ಮಹಾಮಸ್ತಕಾಭಿಷೇಕಕ್ಕೆ, ಗೊಮ್ಮಟ ನಿಂತು ಸಾವಿರ ವರ್ಷವಾದ ಸಂದರ್ಭ ಅದು, ಇವರು ಹೊಸದಾಗಿ ಕೆಲಸಕ್ಕೆ ಸೇರಿ ರಸ್ತೆಗೆ ಜಲ್ಲಿ ಹಾಕಿಸಿದ್ದರು. ಅಂದಿನಿಂದ ಲೋಕದ ಯಾವುದೇ ಪ್ರತಿಮೆಯನ್ನು ಅವರು ಅಳೆಯುವುದು ಗೊಮ್ಮಟನ ಐವತ್ತೆಂಟು ಅಡಿಯಲ್ಲಿ. ಬ್ಲೂ ಅರ್ತ್ ಎಂಬ ಊರಿನಲ್ಲಿ ಬಟಾಣಿ ಕಂಪನಿಯ ಹಸಿರು ದೈತ್ಯ ನಿಂತಿದ್ದಾನೆ, ಐವತ್ತೈದೂವರೆ ಅಡಿ, ಮೈಗೆಲ್ಲ ಎಲೆಯ ಉಡುಪು ಎಂದು ನಮ್ಮವರು ಓದಿದಾಗ ಮಾವ ಸಮಾಧಾನದಿಂದ ಎಲೆಅಡಿಕೆ ಮೆದ್ದರು. "ಎರಡೂವರೆ ಅಡಿ ಕಮ್ಮಿ. ಅದೂ ಫೈಬರ್‌ಗ್ಲಾಸು. ಹೋಗೋಣ ಬಿಡು, ಪಾಪ."

ಮುಂದಿನ ಸಾಲು ಮೌಂಟ್ ರಶ್ಮೋರ್. "ನಾಲ್ಕು ಜನ ಅಧ್ಯಕ್ಷರು. ಒಂದೊಂದು ಮುಖವೇ ಅರವತ್ತು ಅಡಿ."

"ಮುಖವೇ?"

"ಮುಖವೇ."

ಮಾವ ಎಲೆಅಡಿಕೆ ಉಗಿದು ಬಂದು ಕನ್ನಡಕ ಹಾಕಿಕೊಂಡರು. ವಿಚಾರಣೆ ಶುರುವಾಯಿತು. ಯಾವಾಗ ಕೆತ್ತಿದ್ದು? 1927ರಿಂದ 1941. ಯಾವುದರಲ್ಲಿ? ನೂರಕ್ಕೆ ತೊಂಬತ್ತು ಭಾಗ ಡೈನಮೈಟ್. "ಅಂಗ್ ಹೇಳು! ಚಾವುಂಡರಾಯ 981ರಲ್ಲಿ ಉಳಿ ಸುತ್ತಿಗೇಲಿ ಮಾಡಿಸಿದ್ದು. ಸಿಡಿಮದ್ದು ಇಟ್ಟು ಕೆತ್ತೋದು ಶಿಲ್ಪ ಅಲ್ಲ ಕಣೋ, ಕ್ವಾರಿ." ಆದರೂ ಆ ಅರವತ್ತು ಅವರನ್ನು ಕೊರೆಯುತ್ತಲೇ ಇತ್ತು. ಕೊನೆಗೆ ಕೈ ಹಿಡಿದದ್ದು ಮಗಳು ಓದಿದ ಒಂದು ವಾಕ್ಯ: ಮೊದಲ ಯೋಜನೆ ಸೊಂಟದವರೆಗೂ ಕೆತ್ತುವುದಾಗಿತ್ತು, ಶಿಲ್ಪಿ ಬೊರ್ಗ್ಲಮ್ 1941ರಲ್ಲಿ ತೀರಿಕೊಂಡ, ದುಡ್ಡೂ ಸಾಲದೆ ಅಲ್ಲಿಗೇ ನಿಲ್ಲಿಸಿದರು. ಮಾವನ ಮುಖ ಅರಳಿತು. "ಓಹೋ, ಅಪೂರ್ಣ ಕಾಮಗಾರಿ! ಅನುದಾನ ಬಂದಿಲ್ಲ! ಹೋಗಲೇಬೇಕು, ನೋಡೋಣ."

ರಶ್ಮೋರ್ ಇರುವ ಸೌತ್ ಡಕೋಟದಲ್ಲೇ ಇರುವ ವಾಲ್ ಎಂಬ ಪುಟ್ಟ ಊರಿನ ವಾಲ್ ಡ್ರಗ್ ಅಂಗಡಿಗೆ ಅತ್ತೆ ಸೊನ್ನೆ ಕೊಟ್ಟರು. ಅದರ ಕತೆ ಹೀಗೆ: ಹಸ್ಟೆಡ್ ಎಂಬಾತ 1931ರಲ್ಲಿ ಆ ಔಷಧದ ಅಂಗಡಿ ಕೊಂಡು ಐದು ವರ್ಷ ನೊಣ ಹೊಡೆಯುತ್ತ ಕೂತಿದ್ದ. ದಾರಿಯಲ್ಲಿ ಹೋಗುವ ಕಾರುಗಳ ಸದ್ದಿಗೆ ಮಧ್ಯಾಹ್ನದ ನಿದ್ದೆ ಹಾರಿದ ಹೆಂಡತಿ ಡೊರೋತಿಗೆ ಒಂದು ಉಪಾಯ ಹೊಳೆಯಿತು. ಈ ಬಿಸಿಲಲ್ಲಿ ಜನಕ್ಕೆ ಬೇಕಾದದ್ದು ತಣ್ಣನೆ ನೀರು, ಪುಕ್ಕಟೆ ಐಸ್ ನೀರು ಎಂದು ರಸ್ತೆ ಬದಿಯಲ್ಲಿ ಬೋರ್ಡು ಹಾಕೋಣ ಎಂದಳು. ಇವತ್ತಿಗೂ ನೂರಾರು ಮೈಲಿ ಆ ಬೋರ್ಡುಗಳೇ. "ನೀರು ಕೊಡೋದಕ್ಕೆ ಬೋರ್ಡೇ?" ಅತ್ತೆಗೆ ನಂಬಿಕೆಯಾಗಲಿಲ್ಲ. "ನಮ್ಮಲ್ಲಿ ಯಾರ ಮನೆ ಜಗಲಿ ಹತ್ತಿದ್ರೂ ಕೊಡ್ತಾರೆ. ಜೊತೇಲಿ ಬೆಲ್ಲ ಕೊಡ್ತಾರೇನು, ಕೇಳು." ಶೀಟಿನಲ್ಲಿ ಬೆಲ್ಲದ ಮಾಹಿತಿ ಇರಲಿಲ್ಲ.

ಗುರುವಾರ ಬೆಳಗಿನ ಐದಕ್ಕೆ ಹೊರಟೆವು. ಹುಳಿಯನ್ನದ ಗೊಜ್ಜು, ಚಟ್ನಿಪುಡಿ, ನಲವತ್ತು ಚಪಾತಿ, ಐಸ್ ಪೆಟ್ಟಿಗೆಯಲ್ಲಿ ಮೊಸರು, ಮಗನ ಕಾಲ ಮೇಲೆ ರೈಸ್ ಕುಕ್ಕರು. ಮೊದಲ ರಾತ್ರಿಯ ಮೋಟೆಲ್ಲಿನಲ್ಲಿ ಅತ್ತೆಯ ಇಂಗಿನ ಒಗ್ಗರಣೆಗೆ ಹೊಗೆಯ ಅಲಾರಂ ಹೊಡೆದುಕೊಂಡು ಇಡೀ ಸಾಲಿನವರು ಪಾರ್ಕಿಂಗ್ ಜಾಗಕ್ಕೆ ಬಂದು ನಿಂತದ್ದನ್ನು ಬರೆಯುವುದಿಲ್ಲ.

ಶುಕ್ರವಾರ ಸಂಜೆ ಮಗನಿಗೆ ಅವಸರವಾಗಿ ಚೇಂಬರ್ಲಿನ್ ಬಳಿ ರೆಸ್ಟ್ ಏರಿಯಾಗೆ ಕಾರು ತಿರುಗಿಸಿದೆವು. ಕೆಳಗೆ ಮಿಸ್ಸೂರಿ ನದಿ. ದಂಡೆಯ ಗುಡ್ಡದ ಮೇಲೆ ಉಕ್ಕಿನ ಹೆಣ್ಣೊಬ್ಬಳು, ಬೆನ್ನ ಹಿಂದೆ ನಕ್ಷತ್ರದ ಕೌದಿಯನ್ನು ಎರಡೂ ಕೈಯಲ್ಲಿ ಬಿಚ್ಚಿ ಹಿಡಿದು ನಿಂತಿದ್ದಳು. ಲಕೋಟ ಮತ್ತು ಡಕೋಟ ಜನರ ಗೌರವಕ್ಕೆಂದು 2016ರಲ್ಲಿ ನಿಲ್ಲಿಸಿದ್ದು, ಹೆಸರು 'ಡಿಗ್ನಿಟಿ'. "ಎಷ್ಟು ಚೆನ್ನಾಗಿ ಹೊಲಿದಿದಾಳೆ ನೋಡೇ" ಎಂದು ಅತ್ತೆ ಕೌದಿಯ ತುಂಡುಗಳನ್ನು ಎಣಿಸಲು ಕೂತರು. ಎತ್ತರ ಐವತ್ತು ಅಡಿ ಎಂದು ಫಲಕದಲ್ಲಿತ್ತು. ಮಾವ ಓದಿದರು, ಕಮ್ಮಿ ಎನ್ನಲಿಲ್ಲ. ಮುಕ್ಕಾಲು ಗಂಟೆ ನಿಂತೆವು. ನಮ್ಮವರು ಎಕ್ಸೆಲ್ ಹುಡುಕಿದರು. ಇಪ್ಪತ್ತೆರಡರಲ್ಲಿ ಈ ಜಾಗವೇ ಇರಲಿಲ್ಲ.

ಆ ರಾತ್ರಿ ಮರ್ಡೊದಲ್ಲಿ ತಂಗಿ, ಶನಿವಾರ ಒಂಬತ್ತರಿಂದ ಹತ್ತೂವರೆಯ ರಾಹುಕಾಲ ಕಳೆಯಲೆಂದು ಕಾದು, ಹತ್ತು ನಲವತ್ತಕ್ಕೆ ಹೊರಟೆವು. ಕಾಲು ಗಂಟೆ ಹೋಗಿರಬೇಕು, ಕಾರಿನ ಗಡಿಯಾರ ತನಗೆ ತಾನೇ ಹತ್ತಕ್ಕೂ ಹಿಂದಕ್ಕೆ ಜಾರಿತು. ಮೌಂಟನ್ ಟೈಮ್ ಅಲ್ಲಿಂದ ಶುರು.

"ಅಯ್ಯೋ, ಮತ್ತೆ ರಾಹುಕಾಲ ಬಂತಲ್ಲೋ!"

"ಸೂರ್ಯಂಗೆ ಟೈಂ ಝೋನ್ ಇಲ್ಲ ಕಣೇ" ಎಂದು ಮಾವ ಶಾಸ್ತ್ರಕ್ಕೇ ಕೈ ಹಾಕಿದರು. "ಹಗಲನ್ನ ಎಂಟು ಭಾಗ ಮಾಡ್ಬೇಕು, ಶನಿವಾರ ಮೂರನೇದು. ಇಲ್ಲಿ ಹಗಲು ಹದಿನೈದೂವರೆ ಗಂಟೆ. ಅಂದ್ರೆ ಒಂದೊಂದು ಭಾಗ ಎರಡು ಗಂಟೆ ಹತ್ರ. ಸೂರ್ಯೋದಯ ಆರಕ್ಕೆ..." ಮಾತು ಅಲ್ಲಿಗೆ ನಿಂತಿತು. ಮೊದಲಿನ ಗಡಿಯಾರದ ಲೆಕ್ಕದಲ್ಲಿ ರಾಹುಕಾಲ ಹತ್ತರಿಂದ ಹನ್ನೆರಡು. ನಾವು ಹೊರಟದ್ದೇ ಅದರ ಹೊಟ್ಟೆಯೊಳಗೆ.

ಕಾರಿನಲ್ಲಿ ಉಸಿರಿಲ್ಲ. ಪರಿಹಾರ ಹೇಳಿದವರು ಅತ್ತೆಯೇ: "ಹೊರಡೋದಕ್ಕೆ ತಾನೇ ರಾಹುಕಾಲ? ಹೊರಟಾಯ್ತು, ತಪ್ಪಾಯ್ತು. ಇನ್ನು ಮುಗಿಯೋವರೆಗೂ ಎಲ್ಲೂ ನಿಲ್ಲಿಸ್ಬೇಡ. ನಿಲ್ಲಿಸಿದ್ರೆ ಮತ್ತೆ ಹೊರಡ್ಬೇಕಾಗುತ್ತೆ." ಎಂಬತ್ತು ಮೈಲಿ ವೇಗಕ್ಕೆ ಅನುಮತಿಯಿದ್ದ ರಸ್ತೆಯಲ್ಲಿ ನಮ್ಮವರು ಅರವತ್ತರಲ್ಲಿ ತೇಲಿಸಿದರು. ಎರಡು ಲಕ್ಷದ ನಲವತ್ತು ಸಾವಿರ ಎಕರೆಯ ಬ್ಯಾಡ್‌ಲ್ಯಾಂಡ್ಸ್, ಅವರು ಎರಡು ತಿಂಗಳಿನಿಂದ ಕನಸು ಕಂಡಿದ್ದ ಬಣ್ಣದ ಕೊರಕಲು ಗುಡ್ಡಗಳು, ನಮ್ಮ ಪಾಲಿಗೆ ಒಂದು ಎಕ್ಸಿಟ್ ಬೋರ್ಡಾಗಿ ಎಡಗಡೆ ಬಂದು ಹೋಯಿತು. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ನನಗೇ ಕರುಳು ಚುರ್ ಎಂದಿತು.

ರಾಹುಕಾಲ ಮುಗಿಯುವ ಹೊತ್ತಿಗೆ ಸರಿಯಾಗಿ ಬಂದ ಊರು ವಾಲ್. ಸೊನ್ನೆ ಅಂಕದ ಅಂಗಡಿಯ ಮುಂದೆ ಇಳಿದೆವು. ಐದು ಸೆಂಟಿನ ಕಾಫಿ ಕುಡಿದ ಮಾವ "ಐದು ಸೆಂಟಿಗೆ ಮೋಸ ಇಲ್ಲ" ಎಂದಷ್ಟೇ ಅಂದರು. ಅತ್ತೆ ನೀರಿನ ನಲ್ಲಿಯ ಹತ್ತಿರ ಹೋದರು, ಲೋಟ ಹಿಡಿದರು, ಏನೋ ನೆನಪಾಗಿ ವ್ಯಾನಿಟಿ ಬ್ಯಾಗಿಗೆ ಕೈ ಹಾಕಿದರು. ಪುಟ್ಟ ಸ್ಟೀಲಿನ ಡಬ್ಬಿ. ನಮ್ಮೆಲ್ಲರ ಅಂಗೈಗೂ ಒಂದೊಂದು ಚೂರು ಬೆಲ್ಲ ಬಿತ್ತು. ಹಿಂದೆ ಸಾಲಿನಲ್ಲಿದ್ದ ಮೀಸೆಯ ಮೋಟರ್‌ಸೈಕಲ್ ಸವಾರನಿಗೂ. ಆತ ಅನುಮಾನದಿಂದ ಬಾಯಿಗೆ ಹಾಕಿಕೊಂಡ, ನೀರು ಕುಡಿದ, ಇನ್ನೊಂದು ಚೂರಿಗೆ ಕೈ ಚಾಚಿದ.

ಸಂಜೆ ರಶ್ಮೋರ್. ಮಾವ ಹೆಬ್ಬೆರಳು ಎತ್ತಿ ಒಂದು ಕಣ್ಣು ಮುಚ್ಚಿ ನಾಲ್ಕೂ ಮುಖ ಅಳೆದರು. ಈ ಬೆಟ್ಟಗಳು ಒಪ್ಪಂದದ ಪ್ರಕಾರ ಲಕೋಟ ಜನರವು, 1980ರಲ್ಲಿ ಸುಪ್ರೀಂ ಕೋರ್ಟು ಪರಿಹಾರ ಕೊಡಬೇಕೆಂದರೂ ಅವರು ಹಣ ಬೇಡ, ನೆಲ ಬೇಕು ಅಂದರು ಎಂದು ಮಗಳು ಹೇಳಿದಾಗ, ಹತ್ತಾರು ಭೂಸ್ವಾಧೀನದ ಕಡತ ನೋಡಿದ ಮನುಷ್ಯ ಕೈ ಕೆಳಗಿಳಿಸಿದರು. "ನ್ಯಾಯವೇ ಕಣಮ್ಮ" ಅಂದರು. ಅಡಿ, ಅಂಗುಲದ ಮಾತು ಅಲ್ಲಿಂದ ಮುಂದೆ ಬರಲಿಲ್ಲ.

ಎಲೊಸ್ಟೋನಿನಲ್ಲಿ ಬುಗ್ಗೆ ಚಿಮ್ಮಿತು, ಸೌದೆಯಿಲ್ಲದೆ ಇಷ್ಟು ಬಿಸಿನೀರೇ ಎಂದು ಅತ್ತೆ ಹೊಟ್ಟೆಕಿಚ್ಚುಪಟ್ಟರು. ಬಾಥೆಲ್‌ನಲ್ಲಿ ಹಾಲು ಉಕ್ಕಿತು. ಇಪ್ಪತ್ತೆರಡು ಜಾಗಗಳಲ್ಲಿ ನಾವು ಇಳಿದದ್ದು ಏಳರಲ್ಲಿ.

ನೀವು ಆ ಕಡೆ ಹೋಗುವವರಿದ್ದರೆ ಬ್ಯಾಡ್‌ಲ್ಯಾಂಡ್ಸ್ ನೋಡಿ ಬನ್ನಿ, ಹೇಗಿದೆಯೆಂದು ನಮ್ಮವರಿಗೆ ಮಾತ್ರ ಹೇಳಬೇಡಿ. ವಾಲ್‌ನಲ್ಲಿ ನೀರು ಅವರೇ ಕೊಡುತ್ತಾರೆ. ಬೆಲ್ಲ ಮನೆಯಿಂದ ತೆಗೆದುಕೊಂಡು ಹೋಗಿ.