ವ್ರತ ನನ್ನದು, ಹಠ ಅವರದು

ತಪಸ್ಸು ಕಾಲದಲ್ಲಿ ಕುಡಿಯಬಾರದೆಂದು ನಮ್ಮ ಕಥೋಲಿಕ ಧರ್ಮಸಭೆ ಎಲ್ಲೂ ಕಟ್ಟಪ್ಪಣೆ ಮಾಡಿಲ್ಲ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಆ ಬುಧವಾರವೂ ಶುಕ್ರವಾರಗಳಲ್ಲೂ ಮಾಂಸ ವರ್ಜ್ಯ. ಕಡ್ಡಾಯ ಅಂತ ಇರುವುದು ಇಷ್ಟೇ. ಆ ಉಪವಾಸದಲ್ಲೂ ಒಂದು ಪೂರ್ತಿ ಊಟ, ಎರಡು ಸಣ್ಣ ಫಲಾಹಾರಕ್ಕೆ ಅವಕಾಶವಿದೆ. ವಯಸ್ಸು 59 ತುಂಬಿದವರಿಗೆ ಅದೂ ಮಾಫಿ. ಇನ್ನು ಮಾಂಸ ವರ್ಜ್ಯ ಎಂಬುದು ಮಂಗಳೂರಿನವರಿಗೆ ಶಿಕ್ಷೆಯೇ ಅಲ್ಲ. ಮೀನನ್ನು ಮಾಂಸದ ಪಟ್ಟಿಗೆ ಸೇರಿಸದ ಪುಣ್ಯಾತ್ಮರು ನಮ್ಮ ಬಂದರಿನ ದಕ್ಕೆಗೆ ಒಮ್ಮೆ ಬಂದು ಹೋಗಿದ್ದರೋ ಏನೋ. ಅಂಜಲ್ ತುಂಡಿಗೆ ಮಸಾಲೆ ಮೆತ್ತಿ, ಕಾವಲಿಯಲ್ಲಿ ಎರಡೂ ಮಗ್ಗುಲು ಕಾಯಿಸಿ ತಿಂದು, ಮೇಲೆ ಪ್ರಾಯಶ್ಚಿತ್ತದ ಪುಣ್ಯವನ್ನೂ ಕಟ್ಟಿಕೊಳ್ಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ.

ಹಾಗಾಗಿ ಮನಸ್ಸಾಕ್ಷಿ ಇರುವವರು ತಮ್ಮ ಲೆಕ್ಕದಿಂದ ಇನ್ನೊಂದನ್ನು ಬಿಡುವುದು ವಾಡಿಕೆ. ಒಬ್ಬರು ಧಾರಾವಾಹಿ ಬಿಡುತ್ತಾರೆ, ಒಬ್ಬರು ಚಾಕೊಲೇಟು, ಮತ್ತೊಬ್ಬರು ಮೊಬೈಲು. 2025ರಲ್ಲಿ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂತು, ಪಾಸ್ಕ ಹಬ್ಬ ಏಪ್ರಿಲ್ 20ಕ್ಕೆ. ನಡುವಿನ ಅಷ್ಟೂ ದಿನ ಮದ್ಯ ಮುಟ್ಟುವುದಿಲ್ಲ ಎಂದು ನಾನು ನಿಶ್ಚಯಿಸಿದೆ. ಬಿಡುವ ಮುನ್ನ ಪರಿಚಯದ ಡಾಕ್ಟರರನ್ನು ಕೇಳಿದೆ. “ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದ್ರೆ ಕೈ ನಡುಗ್ತದೆ, ಕೆಲವರಿಗೆ ಫಿಟ್ಸ್ ಸಹ ಬರ್ತದೆ. ಅಂಥವರು ವೈದ್ಯರ ಕಣ್ಣೆದುರೇ ಬಿಡ್ಬೇಕು. ನೀವು ಶುಕ್ರವಾರದ ಗಿರಾಕಿ. ನಿಮಗೆ ಬಂದ್ರೆ ಬೇಜಾರು ಬಂದೀತು, ಅದಕ್ಕೆ ಔಷಧಿ ಇಲ್ಲ” ಎಂದರು.

ಬೂದಿ ಬುಧವಾರ ಓದುವುದು ಮತ್ತಾಯನ ಸುವಾರ್ತೆ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಊರಿಗೆಲ್ಲ ತೋರಿಸಬೇಡಿ, ತಲೆಗೆ ಎಣ್ಣೆ ಹಚ್ಚಿಕೊಳ್ಳಿ, ಮುಖ ತೊಳೆದುಕೊಳ್ಳಿ, ಗುಟ್ಟಾಗಿರಲಿ ಎಂಬುದು ಅದರ ತಾತ್ಪರ್ಯ. ಹೊಟ್ಟೆಗೆ ಎಣ್ಣೆ ಬಿಟ್ಟವನು ತಲೆಗಾದರೂ ಹಚ್ಚಿಕೊಳ್ಳಲಿ ಎಂಬ ಕರುಣೆ ಇರಬೇಕು. ಗುಟ್ಟಾಗಿರಲಿ ಎಂದು ಓದಿದ ಫಾದರೇ, ಪ್ರವಚನ ಮುಗಿದದ್ದೇ ತಡ, ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿಯಿಂದ ಹಣೆಯ ಮೇಲೆ ಶಿಲುಬೆ ಬರೆದು ಕಳಿಸಿದರು. ಬೀದಿಗಿಳಿದರೆ ಎದುರಿಗೇ ಶೆಟ್ರು.

“ಎಂತ ಪೊರ್ಬುಲೆ, ನಮ್ಮ ವಿಭೂತಿ ಅಡ್ಡಕ್ಕೆ ಮಾತ್ರ. ನಿಮ್ಮದು ಅಡ್ಡಕ್ಕೂ ಉದ್ದಕ್ಕೂ ಉಂಟಲ್ಲ! ಈ ಸಲ ಎಂತ ಬಿಟ್ರಿ?”

ಹಣೆಯಲ್ಲಿ ಬೂದಿ ಇಟ್ಟುಕೊಂಡು ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ಹೇಳಿಬಿಟ್ಟೆ. ಸಂಜೆಯೊಳಗೆ ನಮ್ಮ ಕೂಟಕ್ಕೆಲ್ಲ ಸುದ್ದಿ ಮುಟ್ಟಿತು. ರಾತ್ರಿಯೊಳಗೆ ನನ್ನ ವ್ರತಕ್ಕೆ ಒಂದು ಆಡಳಿತ ಮಂಡಳಿಯೇ ರಚನೆಯಾಯಿತು.

ಮಂಡಳಿಯ ತಾಂತ್ರಿಕ ಸಲಹೆಗಾರರು ಸ್ವಾಮಿಗಳು. ಹೆಸರು ಬೇರೆ ಇದೆ. ಆದರೆ ವರ್ಷಾ ವರ್ಷಾ ಅಯ್ಯಪ್ಪನ ಮಾಲೆ ಹಾಕಿ ಶಬರಿಮಲೆಗೆ ಹೋಗುವ ಅವರನ್ನು ಮಾಲೆ ತೆಗೆದ ಮೇಲೂ ಯಾರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ. ಅವರಿಗೆ ನನ್ನ ವ್ರತದ ವಿಧಿವಿಧಾನ ನೋಡಿ ಭಾರೀ ಅಸಮಾಧಾನ. “41 ದಿವಸ ನಾವು ಮಾಡುವುದು ಹೇಗೆ ಗೊತ್ತುಂಟಾ? ಕಪ್ಪು ಬಟ್ಟೆ, ಕೊರಳಲ್ಲಿ ಮಾಲೆ, ಬರಿಗಾಲು, ಎರಡು ಹೊತ್ತು ತಣ್ಣೀರು ಸ್ನಾನ. ಬಾರಿನ ಎದುರು ನಿಂತ್ರೆ ರಸ್ತೆಯವರೇ ಕೇಳ್ತಾರೆ, ಸ್ವಾಮಿ ಇಲ್ಲೆಂತ ಮಾಡ್ತೀರಿ ಅಂತ. ನಿಮ್ಮದು ಎಂತ ಮಾರಾಯ್ರೆ! ಹಣೆಯ ಬೂದಿ ಸಂಜೆಗೆ ಬೆವರಿನಲ್ಲಿ ಹೋಯ್ತು. ಇನ್ನು ನೀವು ವ್ರತದಲ್ಲಿ ಇದ್ದೀರಿ ಅಂತ ಊರಿಗೆ ಗೊತ್ತಾಗುವುದು ಹೇಗೆ?”

ಗುಟ್ಟಾಗಿ ಮಾಡಬೇಕೆಂಬ ಸುವಾರ್ತೆಯನ್ನು ವಿವರಿಸಿದೆ. ಸ್ವಾಮಿಗಳು ತಲೆಯಾಡಿಸಿದರು. “ಗುಟ್ಟಾಗಿ ಮಾಡುವ ವ್ರತವನ್ನು ಗುಟ್ಟಾಗಿ ಮುರಿಯಲಿಕ್ಕೂ ಆಗ್ತದೆ. ನಾವು ನೋಡ್ಕೊಳ್ತೇವೆ ಬಿಡಿ.”

ಅವರು ನೋಡಿಕೊಂಡ ಬಗೆಯನ್ನು ಮೊದಲ ಶುಕ್ರವಾರವೇ ಕಂಡೆ. ಹತ್ತಾರು ವರ್ಷಗಳಿಂದ ನಾವು ಕೂರುವ ಅದೇ ರೆಸ್ಟೋರೆಂಟು, ಅದೇ ಮೂಲೆಯ ಮೇಜು. ಸಪ್ಲಾಯರ್ ಹುಡುಗ ಆರ್ಡರ್ ಕೇಳುವ ಕ್ರಮವೇ ಇಲ್ಲ. ನಾನು ಕೂತದ್ದೇ ನನ್ನ ಮಾಮೂಲು ನೈಂಟಿ, ಸೋಡಾ, ಉಪ್ಪು ಹಚ್ಚಿದ ನೆಲಗಡಲೆ ತಂದಿಟ್ಟ. ನನ್ನ ಕೈ ಅಲುಗುವ ಮೊದಲೇ ಮೂರು ಕೈಗಳು ಗ್ಲಾಸಿನ ಮೇಲಿದ್ದವು. ಭಟ್ರಂತೂ ಜನ್ಮದಲ್ಲಿ ಅಂಥ ಗ್ಲಾಸು ಮುಟ್ಟಿದವರಲ್ಲ. ಪಕೋಡದ ಆಸೆಗೆ ಮಾತ್ರ ನಮ್ಮ ಜೊತೆ ಕೂರುವವರು. ಅವರೇ ಅದನ್ನು ಎರಡು ಬೆರಳಲ್ಲಿ ಎತ್ತಿ ಮೇಜಿನ ಆಚೆ ತುದಿಗೆ ಸಾಗಿಸಿದರು. ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ಆರು ಕಲ್ಲುಬಾನೆಗಳ ನೀರನ್ನು ದ್ರಾಕ್ಷಾರಸ ಮಾಡಿದ ಪವಾಡ ಗೊತ್ತಲ್ಲ, ನನ್ನ ಗೆಳೆಯರು ಅದನ್ನು ತಿರುಗಿಸಿ ಮಾಡಿದರು. ಶೆಟ್ರು ಇನ್ನೂ ಒಂದು ಹೆಜ್ಜೆ ಮುಂದೆ. ನನ್ನ ಕಣ್ಣಿಗೆ ಬಿದ್ದು ಆಸೆಯಾಗಬಾರದೆಂದು ತಮ್ಮ ಪಾಲನ್ನು ಸ್ಟೀಲ್ ಲೋಟಕ್ಕೆ ಹೊಯ್ಯಿಸಿಕೊಂಡರು. ಕಣ್ಣಿಗೆ ಮರೆಯಾಯಿತು ನಿಜ, ಮೂಗಿಗೆ ಏನು ವ್ಯವಸ್ಥೆ ಎಂದು ಯಾರೂ ಕೇಳಲಿಲ್ಲ.

ನನಗೆ ಬಂದದ್ದು ಪುನರ್ಪುಳಿ ಶರಬತ್ತು. ಹೊಟ್ಟೆಗೆ ತಂಪು, ಪಿತ್ತಕ್ಕೆ ಒಳ್ಳೆಯದು, ಎಲ್ಲ ಸರಿ. ಆದರೆ ಅದರ ಬಣ್ಣ ಒಂದಿದೆಯಲ್ಲ, ಅಚ್ಚ ದ್ರಾಕ್ಷಾರಸದ್ದೇ. ಸಪ್ಲಾಯರನಿಗೆ ನನ್ನ ಮೇಲೆ ಕನಿಕರ ಹುಟ್ಟಿ, ಇರುವುದರಲ್ಲಿ ಚಂದದ್ದಿರಲಿ ಎಂದು ಉದ್ದ ಕಾಲಿನ ವೈನ್ ಗ್ಲಾಸಿನಲ್ಲಿ ತಂದ. ಒಂದು ಗುಟುಕು ಹೀರಿ ಕೆಳಗಿಡುವಾಗ ಎದುರಿಗೆ ನಿಂತವರು ಇಗರ್ಜಿಯ ನಮ್ಮ ವಾರ್ಡಿನ ಮುಖಂಡರಾದ ಗುರ್ಕಾರರು, ಪಾರ್ಸೆಲ್ ಒಯ್ಯಲು ಬಂದವರು. ಅವರ ದೃಷ್ಟಿ ನನ್ನ ಗ್ಲಾಸಿನ ಮೇಲೆ.

“ಓಹೋ, ತಪಸ್ಸು ಕಾಲ ಜೋರುಂಟು.”

ಸ್ವಾಮಿಗಳು ಎದ್ದು ನಿಂತರು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ಗತ್ತಿನಲ್ಲಿ, ಇವರು ಮುಟ್ಟಿಲ್ಲವೆಂದೂ, ಮುಟ್ಟಲು ನಾವು ಬಿಟ್ಟಿಲ್ಲವೆಂದೂ, ಬೇಕಾದರೆ ತಾವೇ ರುಚಿ ನೋಡಬಹುದೆಂದೂ ಗ್ಲಾಸನ್ನು ಗುರ್ಕಾರರ ಮೂಗಿನ ಬುಡಕ್ಕೇ ಹಿಡಿದರು. ಸುತ್ತಲಿನ ಮೇಜುಗಳೆಲ್ಲ ಇತ್ತ ತಿರುಗಿದವು. ಗುರ್ಕಾರರು ಮೂಸಿ ನೋಡಿ ಒಪ್ಪಿಕೊಂಡರು. ಅಷ್ಟರಲ್ಲಿ ಅವರ ಕೈಯ ಪಾರ್ಸೆಲಿನ ಘಮ ನನ್ನ ಮೂಗಿಗೂ ಬಂತು. ಅದು ಮೀನಿನ ಘಮ ಅಲ್ಲ, ಕೋಳಿ ಸುಕ್ಕದ್ದು. ದಿನ ಶುಕ್ರವಾರ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ವಿಷಯ ಇಂದಿನವರೆಗೂ ಇಗರ್ಜಿಯಲ್ಲಿ ಯಾರ ಬಾಯಿಂದಲೂ ಬಂದಿಲ್ಲ.

ಎರಡನೇ ವಾರಕ್ಕೆ ನಾನು ಕಾನೂನಿನ ದಾರಿ ಹುಡುಕತೊಡಗಿದೆ. ಬೂದಿ ಬುಧವಾರದಿಂದ ಪಾಸ್ಕದ ಮುನ್ನಾದಿನದವರೆಗೆ ಎಣಿಸಿದರೆ ಬರುವುದು 46 ದಿನ. ತಪಸ್ಸು ಕಾಲಕ್ಕೆ 40 ಎನ್ನುವುದೇಕೆ? ನಡುವಿನ ಆರು ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾನುವಾರ ಪುನರುತ್ಥಾನದ ದಿನ, ಅಂದು ಉಪವಾಸ ಸಲ್ಲದು. ಅಂದಮೇಲೆ ಭಾನುವಾರ ಮಧ್ಯಾಹ್ನ ಒಂದು ಬಿಯರು? ಫಾದರ್ ಅವರನ್ನೇ ಕೇಳಿದೆ. ಅವರು ನಕ್ಕು, ಅದು ನಿಮಗೂ ದೇವರಿಗೂ ಬಿಟ್ಟದ್ದು ಎಂದರು. ದೇವರು ಹೇಗೂ ಒಪ್ಪಿಯಾನು ಎಂಬ ಧೈರ್ಯದಲ್ಲಿ ಮಂಡಳಿಯ ಮುಂದೆ ಅರ್ಜಿ ಇಟ್ಟೆ. ಭಟ್ರು ಪಂಚಾಂಗ ನೋಡುವ ಗಾಂಭೀರ್ಯದಿಂದ ಬೆರಳು ಮಡಚಿ ಎಣಿಸಿ, ಲೆಕ್ಕ ಸರಿಯಿದೆ ಎಂದರು. ಶೆಟ್ರು ತೀರ್ಪು ಕೊಟ್ಟರು: “ದೇವರ ಹತ್ರ ನಿಮ್ಮ ಎಗ್ರಿಮೆಂಟ್ ಎಂತದೂ ಇರ್ಲಿ. ನಮ್ಮ ಹತ್ರ ಭಾನುವಾರ ರಜೆ ಇಲ್ಲ.”

ಮೇಲ್ಮನವಿಗೆ ಜರ್ಮನಿಯಿಂದ ಸಾಕ್ಷ್ಯ ತಂದೆ. ಮ್ಯೂನಿಕ್‌ನ ಪೌಲಾನರ್ ಸನ್ಯಾಸಿಗಳು 17ನೇ ಶತಮಾನದಲ್ಲಿ ಉಪವಾಸದ ದಿನಗಳಿಗೆಂದು ಗಟ್ಟಿ ಬಿಯರು ತಯಾರಿಸಿ ಕುಡಿಯುತ್ತಿದ್ದರು. ದ್ರವ ಕುಡಿದರೆ ಉಪವಾಸ ಮುರಿಯುವುದಿಲ್ಲ ಎಂಬುದು ಅಂದಿನ ನಂಬಿಕೆ. ಸಾಲ್ವಟರ್ ಎಂಬ ಹೆಸರಿನಲ್ಲಿ ಆ ಬಿಯರು ಇಂದಿಗೂ ಸಿಗುತ್ತದೆ. ತಪಸ್ಸು ಕಾಲದಲ್ಲೇ ಮ್ಯೂನಿಕ್‌ನಲ್ಲಿ ಅದರ ಉತ್ಸವ ನಡೆಯುತ್ತದೆ. 2011ರಲ್ಲಿ ಅಮೆರಿಕದ ಅಯೋವದ ಪತ್ರಕರ್ತರೊಬ್ಬರು ಈ ಸನ್ಯಾಸಿಗಳ ಹಾದಿ ಹಿಡಿದು ಇಡೀ ತಪಸ್ಸು ಕಾಲವನ್ನು ಬಿಯರು ಮತ್ತು ನೀರಿನಲ್ಲೇ ಕಳೆದು, 11 ಕಿಲೋಗೂ ಹೆಚ್ಚು ಇಳಿದಿದ್ದರು. ಇಷ್ಟನ್ನು ನಾನು ಉತ್ಸಾಹದಿಂದ ವರ್ಣಿಸಿ ಮುಗಿಸಿದಾಗ ಭಟ್ರು ಮೆಲ್ಲನೆ ಕೇಳಿದರು, “ಆ ಸನ್ಯಾಸಿಗಳು ತಿನ್ನುತ್ತಿದ್ದದ್ದು ಎಂತ?” ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ವರ್ಷವಿಡೀ ಮುಟ್ಟದ ಪಂಥ ಅದು ಎಂದು ಹೇಳಲೇಬೇಕಾಯಿತು. “ಹಾಗಾದ್ರೆ ಮೊದಲು ಅದನ್ನೆಲ್ಲ ಬಿಡಿ. ಬಿಯರಿನ ವಿಷಯ ಆಮೇಲೆ ಮಾತಾಡುವ.” ಅರ್ಜಿ ವಜಾ.

ಮಂಡಳಿಯಲ್ಲಿ ನನಗೆ ನಿಜಕ್ಕೂ ಹೆದರಿಕೆ ಇದ್ದದ್ದು ಚಪ್ಪಲಿ ಅಂಗಡಿಯ ಬ್ಯಾರಿ ಗೆಳೆಯನದು. ಆತ ಒಂದು ದಿನವೂ ನನ್ನನ್ನು ತಡೆಯಲಿಲ್ಲ, ಬುದ್ಧಿ ಹೇಳಲಿಲ್ಲ. ಆ ವರ್ಷ ರಂಜಾನ್ ಉಪವಾಸವೂ ಮಾರ್ಚಿಗೇ ಬಿದ್ದಿತ್ತು. ಮಂಗಳೂರಿನ ಮಾರ್ಚ್ ಸೆಕೆ ಅಂದರೆ ಕೂತಲ್ಲೇ ಅಂಗಿ ಒದ್ದೆ. ಸಂಜೆ ಐದಕ್ಕೆ ಅವನ ಅಂಗಡಿಯ ಸ್ಟೂಲಿನಲ್ಲಿ ಕೂತು ನಾನು, “ಶುಕ್ರವಾರ ಬಂದ್ರೆ ಗಂಟಲು ಒಣಗ್ತದೆ ಮಾರಾಯ” ಎಂದು ಶುರು ಮಾಡುತ್ತಿದ್ದೆ. ಅವನು ಹೌದೌದು ಎಂದು ಸಹಾನುಭೂತಿಯಿಂದ ತಲೆಯಾಡಿಸಿ, ಒಳಗಿನಿಂದ ನನಗೆ ತಣ್ಣನೆಯ ನೀರು ತರಿಸಿಕೊಡುತ್ತಿದ್ದ. ಬೆಳಗಿನ ಜಾವದಿಂದ ಒಂದು ಹನಿ ನೀರು ನುಂಗದವನು ನೀರು ಕೊಟ್ಟರೆ ಕುಡಿಯುವುದು ಹೇಗೆ? ಬಾಟಲಿ ಕೈಯಲ್ಲೇ ಹಿಡಿದು ಮಗ್ರಿಬ್ ಬಾಂಗ್ ಆಗುವವರೆಗೆ ಮಾತಾಡುತ್ತ ಕೂತದ್ದುಂಟು. ಬಾಂಗ್ ಕೇಳಿದ ಮೇಲೆ ಅವನಿಗೊಂದು ಖರ್ಜೂರ, ನನಗೆರಡು.

ಲೆಕ್ಕ ಕೇಳಿದವನೂ ಅವನೇ. “ಕುಡಿಯದೆ ಉಳಿದ ದುಡ್ಡು ಎಲ್ಲುಂಟು?” ಉಪವಾಸ, ಪ್ರಾರ್ಥನೆ, ದಾನ ಮೂರೂ ಕೂಡಿದರೇ ತಪಸ್ಸು ಕಾಲ ಎಂದು ನಾನೇ ಅವನಿಗೆ ವಿವರಿಸಿದ್ದೆ, ಬೇಡವಾಗಿತ್ತು. “ನಮ್ಮ ಜಕಾತ್ ನೂರಕ್ಕೆ ಎರಡೂವರೆ. ನೀವು ಉಳಿಸಿದ್ದಕ್ಕೆ ನೂರಕ್ಕೆ ನೂರು ಕೊಡ್ಬೇಕಲ್ಲ” ಎಂದ. ಚಪ್ಪಲಿಯ ಖಾಲಿ ಪೆಟ್ಟಿಗೆಯೊಂದಕ್ಕೆ ತೂತು ಕೊರೆದು ಕೊಟ್ಟ. ಪ್ರತಿ ಶುಕ್ರವಾರದ ಬಿಲ್ಲಿನ ನನ್ನ ಪಾಲು ಅದಕ್ಕೆ ಬೀಳಬೇಕು. ಬಿದ್ದ ಸದ್ದು ಅವನಿಗೆ ಕೇಳಬೇಕು. ಮಾರ್ಚ್ 31ಕ್ಕೆ ಈದ್ ಮುಗಿದು ಅವನ ಉಪವಾಸ ಮುಗಿದರೂ ಪೆಟ್ಟಿಗೆಯ ಉಸ್ತುವಾರಿ ಮುಗಿಯಲಿಲ್ಲ.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಬಂದದ್ದು ಕ್ರಿಕೆಟ್ಟಿನಿಂದ. 2008ರಲ್ಲಿ ಒಮ್ಮೆ ಗೆದ್ದದ್ದು ಬಿಟ್ಟರೆ ಚೆನ್ನೈ ನೆಲದಲ್ಲಿ ಚೆನ್ನೈ ತಂಡವನ್ನು ನಮ್ಮ ಆರ್‌ಸಿಬಿ ಸೋಲಿಸಿರಲಿಲ್ಲ. ಅಷ್ಟು ವರ್ಷ ಪ್ರತಿ ಸೋಲಿನ ದುಃಖವನ್ನು ನಾನು ಶಾಸ್ತ್ರೋಕ್ತವಾಗಿ ಮುಳುಗಿಸಿದ್ದೇನೆ. ಕೊನೆಗೂ ಅಲ್ಲಿ 50 ರನ್ನುಗಳಿಂದ ಗೆದ್ದರು; ಗೆದ್ದದ್ದು 2025ರ ಮಾರ್ಚ್ 28ರಂದು, ತಪಸ್ಸು ಕಾಲದ ಶುಕ್ರವಾರ! ಮದ್ಯ ಇಲ್ಲ, ಕೋಳಿಯೂ ಇಲ್ಲ. ರೆಸ್ಟೋರೆಂಟಿನಲ್ಲಿ ಕುಣಿಯುತ್ತಿದ್ದವರ ನಡುವೆ ಪುನರ್ಪುಳಿ ಹಿಡಿದು ನಾನೂ ಕುಣಿದೆ. ಮರುದಿನ ಬೆಳಿಗ್ಗೆ ಇಡೀ ಪಂದ್ಯ ಓವರು ಓವರಾಗಿ ನೆನಪಿದ್ದದ್ದು ನಮ್ಮ ಕಡೆಯಲ್ಲಿ ನನಗೆ ಮತ್ತು ಭಟ್ರಿಗೆ ಮಾತ್ರ.

ಆತ್ಮಬಲ ಬೆಳೆಯುತ್ತದೆ, ನಿಗ್ರಹ ಸಾಧ್ಯವಾಗುತ್ತದೆ ಎಂದೆಲ್ಲ ಕೇಳಿದ್ದೆ. ನನ್ನಲ್ಲಿ ಆತ್ಮಬಲ ಇತ್ತೇ ಇಲ್ಲವೇ ಎಂಬುದು ಕೊನೆಗೂ ಗೊತ್ತಾಗಲಿಲ್ಲ. ಅದನ್ನು ಬಳಸಲು ಇವರು ಅವಕಾಶವನ್ನೇ ಕೊಡಲಿಲ್ಲ. ನನಗನಿಸುವುದು ಇಷ್ಟು: ಒಬ್ಬನೇ ಮಾಡುವ ವ್ರತಕ್ಕೆ ದೇವರೊಬ್ಬ ಸಾಕ್ಷಿ, ಅವನೋ ಪರಮ ಕ್ಷಮಾಶೀಲ. ಗೆಳೆಯರಿಗೆ ಆ ದೋಷ ಇಲ್ಲ. ಅವರು ಕ್ಷಮಿಸುವುದಿಲ್ಲ, ಮರೆಯುವುದೂ ಇಲ್ಲ, ಅದಕ್ಕೇ ವ್ರತ ಉಳಿಯುತ್ತದೆ.

ಪಾಸ್ಕದ ದಿನ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬಂದರು. ಸನ್ನಾಸ್, ಹಂದಿ ಬಫಾತ್. ಭಟ್ರಿಗೂ ಬ್ಯಾರಿಗೂ ಬೇರೆ ಒಲೆಯಲ್ಲಿ ಬೇರೆ ಅಡುಗೆ. ಚಪ್ಪಲಿ ಪೆಟ್ಟಿಗೆ ಎಲ್ಲರೆದುರು ಒಡೆದು, ಎಣಿಸಿ, ಇಗರ್ಜಿಯ ಬಡವರ ನಿಧಿಗೆ ಕೊಡಲು ಕಟ್ಟಿಟ್ಟಾಯಿತು. ಆಮೇಲೆ ಶೆಟ್ರು ತಾವೇ ತಂದ ಬಾಟಲಿಯಿಂದ ನನಗೆ ಹೊಯ್ದು, ಹೇಗುಂಟು ಎಂದು ನನ್ನ ಮುಖವನ್ನೇ ನೋಡಿದರು. ಚೆನ್ನಾಗಿಯೇ ಇತ್ತು. ಅವರ ಗ್ಲಾಸು ಮಾತ್ರ ತುಂಬಿದ ಹಾಗೇ ಇತ್ತು. ನನಗೆ ಆಸೆಯಾಗದಿರಲೆಂದು ಅಷ್ಟು ವಾರ ಸ್ಟೀಲ್ ಲೋಟದಲ್ಲಿ ಕುಡಿದು ಕುಡಿದು ಅವರಿಗೆ ಅದರ ರುಚಿಯೇ ಕೆಟ್ಟಿತ್ತಂತೆ. ಮೊದಲು ಮೂರಿದ್ದದ್ದು ಎರಡಾಗಿ, ಎರಡು ಒಂದಾಗಿ, ಈಗ ಆ ಒಂದೂ ಇಳಿಯುವುದಿಲ್ಲ ಎಂದು ಬೇಸರದಿಂದ ಹೇಳಿಕೊಂಡರು. ನನ್ನ ವ್ರತದ ಫಲ ಪೂರ್ತಿಯಾಗಿ ಅವರ ಖಾತೆಗೆ ಜಮೆಯಾಗಿತ್ತು.

ಮರುದಿನ ಶೆಟ್ರ ಮನೆಯವರು ನನ್ನ ಹೆಂಡತಿಗೆ ಫೋನ್ ಮಾಡಿದರು. “ಬಾಯಮ್ಮ, ನಿಮ್ಮ ಈ ತಪಸ್ಸು ಕಾಲ ವರ್ಷಕ್ಕೆ ಎಷ್ಟು ಸಲ ಬರ್ತದೆ?” ಒಂದೇ ಸಲ ಎಂದು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಹೆಂಡತಿ ಒಂದು ಕ್ಷಣವೂ ತಡೆಯದೆ ಕ್ರಿಸ್ಮಸ್ಸಿನ ಮೊದಲು ಬರುವ ಆಗಮನ ಕಾಲವನ್ನೂ ಸೇರಿಸಿ, “ಎರಡು” ಎಂದಳು. ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲೇ ದ್ರಾಕ್ಷಿ ವೈನ್ ಸೋಸುವ ಕೆಲಸ. ಅದರ ರುಚಿ ನೋಡುವ ಅಧಿಕಾರ ಈ ಸಲ ಯಾರಿಗೆ ಎಂದು ಕೇಳಿದೆ. ಮಂಡಳಿಯನ್ನೇ ಕೇಳಿ ಎಂದಳು.