ಪಾಸೌಟ್ ಪುರಾಣ

ಹುಡುಗನಿಗೆ ಹೆಣ್ಣು ನೋಡುವಾಗ ನಕ್ಷತ್ರ, ರಾಶಿ ಕೇಳಿದ ಮೇಲೆ ಹಿರಿಯರು ಕೇಳುವ ಪ್ರಶ್ನೆ: "ಯಾವ ವರ್ಷ ಪಾಸೌಟು?" ಬೆಂಗಳೂರಿನ ಕಂಪನಿಗಳಿಗೂ ಇದೇ ಚಿಂತೆ. 'ಈ ವರ್ಷದ ಪಾಸೌಟ್‌ಗಳು ಮಾತ್ರ ಅರ್ಜಿ ಹಾಕಿ' ಎಂದು ಜಾಹೀರಾತು ಕೊಡುತ್ತವೆ. ಹೋದ ವರ್ಷದವರು ಅವರ ಪಾಲಿಗೆ ನಿನ್ನೆಯ ಇಡ್ಲಿ; ಹಳಸಿಲ್ಲ, ಆದರೂ ಯಾರೂ ಮುಟ್ಟುವುದಿಲ್ಲ.

ಇದೇ ಮಾತನ್ನು ಅಮೆರಿಕದಲ್ಲಿ ಆಡಿ ನೋಡಿ, ಕೇಳಿದವರು ನೀರು ತರಲು ಓಡುತ್ತಾರೆ. ಅಲ್ಲಿ ಪಾಸೌಟ್ ಆಗುವುದೆಂದರೆ ತಲೆ ಸುತ್ತಿ ಬೀಳುವುದು. ಇಲ್ಲವೇ ಶನಿವಾರ ರಾತ್ರಿ ಗುಂಡು ಹೆಚ್ಚಾಗಿ ಸೋಫಾದ ಮೇಲೆ ಮಗುಚಿಕೊಳ್ಳುವುದು. ನಮ್ಮ ಸೋದರತ್ತೆಯ ಮಗ ಅಲ್ಲಿನ ಸಂದರ್ಶನವೊಂದರಲ್ಲಿ, "ಐ ಪಾಸ್ಡ್ ಔಟ್ ಇನ್ 2012" ಅಂದನಂತೆ. ಎದುರು ಕೂತಾತ ಗಾಬರಿಯಾಗಿ, "ಈಗ ಹೇಗಿದ್ದೀರಿ?" ಅಂದ. ಇವನು ವಿನಯದಿಂದ, "ಫಸ್ಟ್ ಕ್ಲಾಸ್, ಸರ್!"

ಹಾಗೆಂದು ನಮ್ಮದೇನೂ ಬೀದಿಯಲ್ಲಿ ಸಿಕ್ಕ ಇಂಗ್ಲಿಷಲ್ಲ. ತರಬೇತಿ ಮುಗಿಸಿ ಹೊರಬೀಳುವುದಕ್ಕೆ ಬ್ರಿಟಿಷ್ ಸೇನೆಯಲ್ಲೂ ಇದೇ ಮಾತು. ಡೆಹ್ರಾಡೂನಿನಲ್ಲಿ 1932ರಲ್ಲಿ ಶುರುವಾದ ಭಾರತೀಯ ಸೇನಾ ಅಕಾಡೆಮಿಯಲ್ಲಿ ಇಂದಿಗೂ ಪಾಸಿಂಗ್ ಔಟ್ ಪೆರೇಡ್ ನಡೆಯುತ್ತದೆ. ಮುಂದೆ ಫೀಲ್ಡ್ ಮಾರ್ಷಲ್ ಆದ ಸ್ಯಾಮ್ ಮಾಣೆಕ್‌ಷಾ ಅಲ್ಲಿನ ಮೊದಲ ತಂಡದ 40 ಮಂದಿಯಲ್ಲಿ ಒಬ್ಬರು. ಇನ್ನು ಪೆರೇಡಿನಲ್ಲಿ ಅಲ್ಲಾಡದೆ ನಿಂತು ನಿಂತು ಕುಸಿದು ಬಿದ್ದವನಿದ್ದರೆ, ಅವನು ಎರಡೂ ಅರ್ಥದಲ್ಲಿ ಪಾಸೌಟ್!

ನಮ್ಮ ಎಂಜಿನಿಯರಿಂಗ್ ಹುಡುಗರೂ ಅಷ್ಟೇ. ಎಂ3 ಎಂಬ ಗಣಿತದ ಪ್ರಶ್ನೆಪತ್ರಿಕೆ ಕಂಡಾಗ ಅಮೆರಿಕದ ರೀತಿಯಲ್ಲಿ ಪಾಸೌಟ್ ಆಗುತ್ತಾರೆ, ಫೇಲಾದ ವಿಷಯಗಳ ಬ್ಯಾಕ್‌ಗಳನ್ನೆಲ್ಲ ತೀರಿಸಿದ ಮೇಲೆ ಭಾರತದ ರೀತಿಯಲ್ಲಿ. ಫಲಿತಾಂಶ ಬಂದ ದಿನ ಮೊದಲನೆಯ ರೀತಿ ಅಪ್ಪನ ಪಾಲಿಗೆ.

ಒಂದು ಎಚ್ಚರಿಕೆ ಮಾತ್ರ ಬೇಕು. 'ಔಟ್' ಇರುವ ಜಾಗಕ್ಕೆ 'ಅವೇ' ಬಂದು ಕೂತರೆ ಕಥೆ ಮುಗಿಯಿತು. ಪಾಸೌಟ್ ಆದವರು ಮುಖಕ್ಕೆ ನೀರು ಚಿಮುಕಿಸಿದರೆ ಎದ್ದು ಕೂರುತ್ತಾರೆ. ಪಾಸ್ ಅವೇ ಆದವರಿಗೆ ಗಂಗಾಜಲವೂ ತಡವಾದಂತೆಯೇ.

ಆದ್ದರಿಂದ ವಿಮಾನ ಹತ್ತುವ ಮಕ್ಕಳೇ, ಅಲ್ಲಿ 'ಗ್ರಾಜುಯೇಟ್ ಆದೆ' ಎನ್ನಿ. ಊರಿಗೆ ಬಂದಾಗ ಧಾರಾಳವಾಗಿ ಪಾಸೌಟ್ ಆಗಿ. ಇಲ್ಲಿ 'ಗ್ರಾಜುಯೇಟ್' ಎಂದರೆ, "ಅದಿರಲಿ, ಪಾಸೌಟ್ ಯಾವಾಗ?" ಎಂದು ಕೇಳುವ ಮಾವಂದಿರೇ ಹೆಚ್ಚು.